ಮಾರಿಹೋದ ಕೆಂಪು ಹಂದಿ: ಹಳ್ಳಿ ಗ್ಯಾರೇಜಿನಿಂದ ಹೊರಟ ಬೆಂಜ್ ಕಾರಿನ ಕಥೆ

ನಮ್ಮ ಕಡೆ ಹೆಸರಿಗೆ ಇನಿಷಿಯಲ್ ಇಟ್ಟರೆ ಮೊದಲ ಅಕ್ಷರ ಸಾಮಾನ್ಯವಾಗಿ ಊರಿನದು. ಕುವೆಂಪು ಅನ್ನುವುದರಲ್ಲಿ ‘ಕು’ ಅಂದರೆ ಕುಪ್ಪಳಿ. ಡಿ.ವಿ.ಜಿ.ಯಲ್ಲಿ ‘ಡಿ’ ಅಂದರೆ ದೇವನಹಳ್ಳಿ. ಉತ್ತರ ಕರ್ನಾಟಕದ ಕಡೆ ಹೋದರೆ ಎಷ್ಟೋ ಮನೆತನಗಳಲ್ಲಿ ಊರು ಹೆಸರಿನ ಕೊನೆಗೆ ಬಂದು ಅಡ್ಡಹೆಸರಾಗಿ ಕೂರುತ್ತದೆ. ಎಲ್ಲಿ ಕೂತರೂ ಒಂದೇ: ಮನುಷ್ಯ ಎಲ್ಲಿಗೆ ಹೋದರೂ ಊರು ಬೆನ್ನಿಗಿರುತ್ತದೆ.

ಈಗ ಜಾತ್ರೆ ಬಯಲಲ್ಲೋ, ಮದುವೆ ಛತ್ರದ ಮುಂದೋ ನಿಂತಿರುವ ಕಾರುಗಳ ಹಿಂಭಾಗ ಒಮ್ಮೆ ನೋಡಿ. ಹಳೇ ಸ್ವಿಫ್ಟ್ ಇರಲಿ, ಆಲ್ಟೊ ಇರಲಿ, ಡಿಕ್ಕಿಯ ಮೇಲೆ ‘ಎಎಂಜಿ’ ಅಂತ ಮೂರಕ್ಷರದ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅಂಟಿಸಿದ ಹುಡುಗರನ್ನು ಕೇಳಿದರೆ “ಅದು ಬೆಂಜ್‌ನಲ್ಲಿ ಸ್ಪೀಡ್ ಗಾಡಿ ಅಣ್ಣ” ಅನ್ನುತ್ತಾರೆ. ತಪ್ಪೇನಿಲ್ಲ. ಆದರೆ ಆ ಮೂರಕ್ಷರದಲ್ಲಿ ಮೊದಲ ಎರಡು ಇಬ್ಬರು ಮೆಕ್ಯಾನಿಕ್ ಮನುಷ್ಯರದು, ಕೊನೆಯ ‘ಜಿ’ ಒಂದು ಹಳ್ಳಿಯದು. ಔಫ್ರೆಕ್ಟ್, ಮೆಲ್ಶರ್, ಗ್ರೋಸ್‌ಆಸ್ಪಾಖ್. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಆಚೆ, ದ್ರಾಕ್ಷಿ ತೋಟಗಳ ಸೀಮೆಯಲ್ಲಿರುವ ಊರು ಅದು. ಹಾನ್ಸ್ ವೆರ್ನರ್ ಔಫ್ರೆಕ್ಟ್ ಹುಟ್ಟಿದ ಊರು.

ಐಷಾರಾಮಿ ಕಾರೊಂದನ್ನು ಬಿಚ್ಚಿ, ಎಂಜಿನ್ ಬದಲಿಸಿ, ಮೈ ಅಗಲಿಸಿ, ಮಾರುವ ವ್ಯಾಪಾರ ಇವತ್ತು ಜಗತ್ತಿನ ತುಂಬ ಇದೆ. ಅದರ ಬೇರನ್ನು ಹುಡುಕಿಕೊಂಡು ಹೋದರೆ ಸಿಗುವ ದೊಡ್ಡ ಬೇರುಗಳಲ್ಲಿ ಒಂದು ಈ ಹಳ್ಳಿಯ ಸುತ್ತಮುತ್ತಲೇ ಇದೆ. ಅಲ್ಲಿಂದ ಹೊರಟ ಒಂದು ಕೆಂಪು ಕಾರು ಒಂದು ದಿನ ಜಗತ್ತನ್ನೇ ತಿರುಗಿ ನೋಡುವಂತೆ ಮಾಡಿ, ಆಮೇಲೆ ಯಾರಿಗೋ ಮಾರಾಟವಾಗಿ ಹೋಯಿತು. ನಾವು ಹೇಳಹೊರಟಿರುವುದು ಆ ಕಾರಿನ ಕಥೆ.

ಕಥೆ ಶುರುವಾಗುವುದು ಒಂದು ದುರಂತದಿಂದ. 1955ರ ಜೂನ್ 11. ಫ್ರಾನ್ಸಿನ ಲ ಮಾನ್ಸ್‌ನಲ್ಲಿ 24 ಗಂಟೆಗಳ ಓಟದ ನಡುವೆ ಮರ್ಸಿಡಿಸ್ ಬೆಂಜ್ ಕಂಪನಿಯ ಕಾರೊಂದು ಇನ್ನೊಂದಕ್ಕೆ ತಾಗಿ, ಹಾರಿ, ಜನರ ಮೇಲೆ ಬಿತ್ತು. ಚಾಲಕ ಪಿಯೆರ್ ಲೆವೆಗ್ ಸತ್ತರು, ನೋಡಲು ನಿಂತಿದ್ದ 80ಕ್ಕೂ ಹೆಚ್ಚು ಜನ ಸತ್ತರು. ಮೋಟಾರು ಓಟದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಸಾವು ಇನ್ನೊಂದಿಲ್ಲ. ಆ ವರ್ಷದ ಕೊನೆಗೆ ಕಂಪನಿ ತನ್ನ ರೇಸಿಂಗ್ ತಂಡವನ್ನು ಮುಚ್ಚಿತು. ಆಮೇಲೆ ಅಲ್ಲಲ್ಲಿ ರ‍್ಯಾಲಿಗಳಿಗೆ ಕಾರು ಕಳಿಸಿದ್ದುಂಟು. ಆದರೆ ಓಟ ಅಂದರೆ ಹಿಂದೆ ಸರಿಯುವ ಮನಸ್ಸು ಕಂಪನಿಯೊಳಗೆ ಬಹಳ ವರ್ಷ ಉಳಿಯಿತು.

ಕಂಪನಿ ಬಿಟ್ಟರೂ ಅಲ್ಲಿ ಕೆಲಸ ಮಾಡುವವರ ಕೈ ಸುಮ್ಮನಿರಬೇಕಲ್ಲ. ಔಫ್ರೆಕ್ಟ್ ಮತ್ತು ಎರ್ಹಾರ್ಡ್ ಮೆಲ್ಶರ್ ಇಬ್ಬರೂ ಅದೇ ಕಂಪನಿಯ ಅಭಿವೃದ್ಧಿ ವಿಭಾಗದಲ್ಲಿದ್ದವರು, 300 ಎಸ್‌ಇ ಅನ್ನುವ ಕಾರಿನ ರೇಸ್ ಎಂಜಿನ್ ಮೇಲೆ ಕೆಲಸ ಮಾಡಿದವರು. ಕಂಪನಿ ಆ ಕೆಲಸ ನಿಲ್ಲಿಸಿದಾಗ ಇವರು ಗ್ರೋಸ್‌ಆಸ್ಪಾಖ್‌ನ ಔಫ್ರೆಕ್ಟ್ ಮನೆಯಲ್ಲಿ, ಡ್ಯೂಟಿ ಮುಗಿದ ಮೇಲೆ, ಅದೇ ಎಂಜಿನ್ನನ್ನು ಮುಂದುವರಿಸಿದರು. ಹಗಲು ಕಂಪನಿ, ಸಂಜೆ ಮನೆ. ನಮ್ಮ ತಾಲೂಕು ಕೇಂದ್ರಗಳಲ್ಲಿ ಹಗಲು ಶೋರೂಮಿನಲ್ಲಿ ದುಡಿದು ರಾತ್ರಿ ಸ್ವಂತ ಶೆಡ್ಡಿನಲ್ಲಿ ಬೈಕ್ ಬಿಚ್ಚುವ ಹುಡುಗರನ್ನು ಕಂಡವರಿಗೆ ಇದು ಹೊಸದಲ್ಲ.

1965ರಲ್ಲಿ ಅವರ ಸಹೋದ್ಯೋಗಿ ಮಾನ್‌ಫ್ರೆಡ್ ಶೀಕ್ ಆ ಎಂಜಿನ್ ಹಾಕಿಕೊಂಡು ಜರ್ಮನಿಯ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ಗೆ ಇಳಿದು 10 ಗೆಲುವು ತಂದರು. ಬೆಂಜ್ ಎಂಜಿನ್ನಿಗೆ ಇನ್ನೂ ಜೀವ ತುಂಬಬಲ್ಲವರು ಇಬ್ಬರಿದ್ದಾರೆ ಅನ್ನುವ ಸುದ್ದಿ ಬಾಯಿಂದ ಬಾಯಿಗೆ ಹರಡಿತು. 1966ರ ಕೊನೆಗೆ ಔಫ್ರೆಕ್ಟ್ ಕಂಪನಿ ಬಿಟ್ಟರು, ಮೆಲ್ಶರ್‌ರನ್ನೂ ಒಪ್ಪಿಸಿದರು. 1967ರಲ್ಲಿ ಪಕ್ಕದ ಬುರ್ಗ್‌ಶ್ಟಾಲ್ ಊರಿನ ಒಂದು ಹಳೇ ಗಿರಣಿಯಲ್ಲಿ ಅಂಗಡಿ ಇಟ್ಟರು. ಬೋರ್ಡಿನ ಮೇಲೆ ಉದ್ದನೆ ಹೆಸರು: ರೇಸ್ ಎಂಜಿನ್ ವಿನ್ಯಾಸ ಮತ್ತು ಪರೀಕ್ಷೆಯ ಎಂಜಿನಿಯರಿಂಗ್ ಕಚೇರಿ ಅನ್ನುವ ಅರ್ಥದ್ದು. ಹಿಟ್ಟಿನ ಗಿರಣಿಯಲ್ಲಿ ‘ಕಚೇರಿ’. ಹೆಸರು ದೊಡ್ಡದಿಡುವ ಚಟ ನಮಗೆ ಮಾತ್ರ ಇಲ್ಲ ಅಂತಾಯಿತು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗಬೇಕು. ಬೆಂಜ್ ಅಂದರೆ ನಮ್ಮ ಹಿರಿಯರಿಗೆ ಕಾರಲ್ಲ, ಲಾರಿ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 15 ವರ್ಷಗಳ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸಿದರು. ಮೂಗಿನ ಮೇಲೆ ಮೂರು ಮೂಲೆಯ ನಕ್ಷತ್ರ ಇಟ್ಟುಕೊಂಡ ಆ ಲಾರಿಗಳು 1969ರವರೆಗೆ ಬಂದವು. ನಮ್ಮ ಹಳೇ ಡ್ರೈವರುಗಳ ಬಾಯಲ್ಲಿ ‘ಬೆಂಜ್ ಗಾಡಿ’ ಅನ್ನುವ ಮಾತು ಉಳಿದದ್ದು ಅಲ್ಲಿಂದ. ನಮ್ಮೂರುಗಳಲ್ಲಿ ಆ ನಕ್ಷತ್ರ ಮೂಟೆ ಹೊರುತ್ತಿದ್ದ ಕಾಲಕ್ಕೆ ಬುರ್ಗ್‌ಶ್ಟಾಲ್ ಗಿರಣಿಯಲ್ಲಿ ಅದೇ ನಕ್ಷತ್ರದ ಕಾರನ್ನು ಬಿಚ್ಚಿ ಹರವಿಕೊಂಡು ಇಬ್ಬರು ಕೂತಿದ್ದರು.

ಅವರ ಕೈಗೆ ಸಿಕ್ಕ ದೊಡ್ಡ ಕಾರು 300 ಎಸ್‌ಇಎಲ್ 6.3. ಇದು ಸೆಡಾನ್. ಅಂದರೆ ನಾಲ್ಕು ಬಾಗಿಲು, ಹಿಂದೆ ಬೇರೆಯಾಗಿ ಚಾಚಿದ ಡಿಕ್ಕಿ ಇರುವ ಕಾರು. ಮಂತ್ರಿ, ಉದ್ಯಮಿಗಳು ಹಿಂದಿನ ಸೀಟಿನಲ್ಲಿ ಕೂತು ಹೋಗುವಂಥದ್ದು. ಒಳಗೆ ಮರದ ಡ್ಯಾಶ್‌ಬೋರ್ಡ್, ಕೆಳಗೆ ಗಾಳಿಯ ಸಸ್ಪೆನ್ಷನ್. ತಮಾಷೆಯೆಂದರೆ ಈ ಕಾರು ಹುಟ್ಟಿದ್ದೂ ಆಲ್ಟ್ರೇಷನ್‌ನಿಂದಲೇ. ಕಂಪನಿಯ ಎಂಜಿನಿಯರ್ ಎರಿಕ್ ವಾಕ್ಸೆನ್‌ಬರ್ಗರ್, 600 ಅನ್ನುವ ಭಾರೀ ಕಾರಿಗೆ ಅಂತ ಮಾಡಿದ್ದ 6.3 ಲೀಟರಿನ ಎಂಟು ಸಿಲಿಂಡರ್ ಎಂಜಿನ್ನನ್ನು ಅದಕ್ಕಿಂತ ಸಣ್ಣ ಕಾರಿನೊಳಗೆ ತುರುಕಿ ನೋಡಿದರು. ಮೇಲಿನವರು ಹೇಳಿ ಮಾಡಿಸಿದ್ದಲ್ಲ, ಅವರ ಸ್ವಂತ ಹುಚ್ಚು. ಓಡಿಸಿ ನೋಡಿದ ಮೇಲೆ ಮೇಲಿನವರು ಬೇಡ ಅನ್ನಲಾಗಲಿಲ್ಲ. 1968ರಲ್ಲಿ ಜಿನೀವಾ ಮೇಳದಲ್ಲಿ ಅದು ಹೊರಬಂತು. 250 ಎಚ್‌ಪಿ, ಗಂಟೆಗೆ 220 ಕಿ.ಮೀ. ಒಟ್ಟು 6,526 ಕಾರು ತಯಾರಾದವು. ನಮ್ಮ ಹೊಲದ ಮಾಮೂಲಿ ಟ್ರ್ಯಾಕ್ಟರು 40-50 ಎಚ್‌ಪಿಯದು ಅಂತ ನೆನಪಿಟ್ಟುಕೊಂಡರೆ ಲೆಕ್ಕ ಸಿಗುತ್ತದೆ.

ಕಂಪನಿ ಮಾಡಿದ ಆ ಆಲ್ಟ್ರೇಷನ್ ಮೇಲೆ ಗಿರಣಿಯವರು ಇನ್ನೊಂದು ಆಲ್ಟ್ರೇಷನ್ ಮಾಡಿದರು.

ಬೋರ್ ಮಾಡಿಸುವುದು ಅಂದರೆ ಏನೆಂದು ಟ್ರ್ಯಾಕ್ಟರ್ ಇಟ್ಟವರಿಗೆ ಹೇಳಬೇಕಿಲ್ಲ. ಸಿಲಿಂಡರ್ ಸವೆದಾಗ ಲೇತ್ ಅಂಗಡಿಗೆ ಒಯ್ದು ಒಳಮೈ ಕೊರೆಸಿ, ದಪ್ಪ ಪಿಸ್ಟನ್ ಹಾಕಿಸುತ್ತೇವೆ. ಇವರು ಸವೆದದ್ದಕ್ಕಲ್ಲ, ಶಕ್ತಿಗಾಗಿ ಅದನ್ನೇ ಮಾಡಿದರು. 6.3 ಲೀಟರಿನ ಎಂಜಿನ್ 6.8 ಲೀಟರ್ ಆಯಿತು. ಪಿಸ್ಟನ್ ದೊಡ್ಡದು, ಕನೆಕ್ಟಿಂಗ್ ರಾಡ್ ಹಗುರ, ಕ್ಯಾಮ್‌ಶಾಫ್ಟ್ ಬೇರೆ. ಗಾಳಿ ಒಳಗೆ ಬರುವ ವಾಲ್ವು, ಹೊಗೆ ಹೊರಗೆ ಹೋಗುವ ವಾಲ್ವು ಎರಡೂ ಅಗಲ. ಕ್ರ್ಯಾಂಕ್‌ಶಾಫ್ಟ್ ಮೇಲೂ ಕೈಯಾಡಿಸಿದರು. ಎಂಜಿನ್ ಒಳಗೆ ಹೆಚ್ಚು ಉಸಿರು ಹೋಗಬೇಕು, ಬೇಗ ಹೊರಗೆ ಬರಬೇಕು, ನಡುವೆ ತಿರುಗುವ ಭಾಗ ಹಗುರ ಇರಬೇಕು. ಇಷ್ಟೇ ಗುಟ್ಟು, ಆದರೆ ಇದನ್ನು ಎಂಜಿನ್ ಒಡೆಯದ ಹಾಗೆ ಮಾಡುವುದರಲ್ಲಿ ವಿದ್ಯೆ ಇದೆ. 250 ಇದ್ದದ್ದು 428 ಎಚ್‌ಪಿ ಆಯಿತು. ವೇಗ ಗಂಟೆಗೆ 265 ಕಿ.ಮೀ. ಆಟೊಮ್ಯಾಟಿಕ್ ತೆಗೆದು ಕೈಯಿಂದ ಹಾಕುವ ಐದು ಗೇರು ಇಟ್ಟರು. ಬಾಗಿಲು ಅಲ್ಯೂಮಿನಿಯಂನದು. ಅಗಲ ಟೈರಿಗೆ ಜಾಗ ಬೇಕಲ್ಲ, ಚಕ್ರದ ಮೇಲಿನ ತಗಡನ್ನು ಹೊರಗೆ ಉಬ್ಬಿಸಿದರು. ಕೆಂಪು ಬಣ್ಣ ಬಳಿದರು.

ಇಷ್ಟೆಲ್ಲ ಮಾಡಿದರೂ ತೂಕ ಸುಮಾರು 1,635 ಕೆಜಿ. ಟೂರಿಂಗ್ ಕಾರುಗಳ ಓಟ ಅಂದರೆ ಅಂಗಡಿಯಲ್ಲಿ ಮಾರುವ ಕಾರಿನ ಓಟ, ಹಾಗಾಗಿ ಒಳಗಿನ ಮರದ ಅಲಂಕಾರ ಕೂಡ ಹಾಗೇ ಇತ್ತು. ಮದುವೆ ಗಂಡಿನ ಸಾರೋಟನ್ನು ಕಂಬಳದ ಗದ್ದೆಗೆ ಇಳಿಸಿದ ಹಾಗೆ. ಜನ ಅದಕ್ಕೆ ‘ರೋಟೆ ಜಾವ್’ ಅಂತ ಹೆಸರಿಟ್ಟರು. ಕೆಂಪು ಹಂದಿ ಅಂತ ಅರ್ಥ, ಸರಿಯಾಗಿ ಹೇಳಬೇಕೆಂದರೆ ಹೆಣ್ಣು ಹಂದಿ. ಬೈಗುಳವೋ ಪ್ರೀತಿಯೋ ಹೇಳುವುದು ಕಷ್ಟ. ನಮ್ಮಲ್ಲಿ ಎಮ್ಮೆ ಅಂತ ಕರೆದ ಹಾಗೆ, ಎರಡೂ ಇದ್ದಿರಬೇಕು.

1971ರ ಜುಲೈ ಕೊನೆಯ ವಾರ, ಬೆಲ್ಜಿಯಂನ ಸ್ಪಾ-ಫ್ರಾಂಕೋರ್‌ಶಾಂ. ಇವತ್ತು ಟಿವಿಯಲ್ಲಿ ಫಾರ್ಮುಲಾ 1 ನೋಡುವವರು ಕಾಣುವ ಸ್ಪಾ ಅದಲ್ಲ. ಈಗಿನದು ಸುಮಾರು 7 ಕಿ.ಮೀ. ಸುತ್ತು. ಅಂದಿನದು 14 ಕಿ.ಮೀ.ಗೂ ಮಿಕ್ಕಿದ್ದು. ಬೇರೆ ದಿನಗಳಲ್ಲಿ ಊರಿನವರು ಓಡಾಡುವ ರಸ್ತೆಗಳನ್ನೇ ಮುಚ್ಚಿ ಮಾಡಿದ ಟ್ರ್ಯಾಕ್. ಪಕ್ಕದಲ್ಲಿ ಮನೆ, ಮರ, ಹೊಲದ ಬೇಲಿ. ಬೆಟ್ಟದ ಸೀಮೆ, ಒಂದು ಮೂಲೆಯಲ್ಲಿ ಮಳೆ ಬಿದ್ದರೆ ಇನ್ನೊಂದು ಮೂಲೆಯಲ್ಲಿ ಬಿಸಿಲು. ಅಂಥ ರಸ್ತೆಯಲ್ಲಿ ಹಗಲು ರಾತ್ರಿ 24 ಗಂಟೆ ಓಟ.

ಕೆಂಪು ಕಾರಿಗೆ ಇಬ್ಬರು ಚಾಲಕರು: ಹಾನ್ಸ್ ಹೇಯರ್ ಮತ್ತು ಕ್ಲೆಮೆನ್ಸ್ ಶಿಕೆಂಟಾನ್ಜ್. ಎದುರಿಗಿದ್ದವು ಹಗುರ, ಚಿಕ್ಕ ಕಾರುಗಳು. ಫೋರ್ಡ್ ಕಂಪನಿಯ ಕಾಪ್ರಿಗಳಂಥವು. ಅವುಗಳ ನಡುವೆ ಈ ದೊಡ್ಡ ಮೈಯ ಕಾರು ನಿಂತಾಗ ನಗದವರು ಯಾರು? ನೇರ ರಸ್ತೆ ಸಿಕ್ಕಾಗ ನಗು ನಿಂತಿತು. ಉದ್ದುದ್ದ ನೇರ ದಾರಿಗಳಿದ್ದ ಆ ಹಳೇ ಸ್ಪಾದಲ್ಲಿ 428 ಎಚ್‌ಪಿಗೆ ಬೆಲೆ ಇತ್ತು. ಆದರೆ ಭಾರದ ಶಿಕ್ಷೆಯೂ ಇತ್ತು. ಟೈರು ಬೇಗ ತಿನ್ನುತ್ತಿತ್ತು, ಪೆಟ್ರೋಲು ಅದಕ್ಕಿಂತ ಬೇಗ ಕುಡಿಯುತ್ತಿತ್ತು. ನಿಲ್ಲುವುದು, ತುಂಬಿಸುವುದು, ಮತ್ತೆ ಓಡುವುದು.

24 ಗಂಟೆ ಮುಗಿದಾಗ ಡೀಟರ್ ಗ್ಲೆಮ್ಸರ್ ಮತ್ತು ಅಲೆಕ್ಸ್ ಸೋಲರ್-ರೊಯ್ಗ್ ಓಡಿಸಿದ ಫೋರ್ಡ್ ಕಾಪ್ರಿ ಮೊದಲು ಬಂತು. ಎರಡನೆಯದು ಕೆಂಪು ಹಂದಿ. ತನ್ನ ಶ್ರೇಣಿಯಲ್ಲಿ ಅದೇ ಮೊದಲು. ಫೋರ್ಡ್ ಹಿಂದೆ ಒಂದು ದೈತ್ಯ ಕಂಪನಿ ನಿಂತಿತ್ತು. ಇದರ ಹಿಂದೆ ಒಂದು ಗಿರಣಿ. ಬೆಂಜ್ ಕಂಪನಿ ಓಟ ಬಿಟ್ಟು ಕೂತಿದ್ದಾಗ ಅದರ ಮರ್ಯಾದೆಯನ್ನು ಓಟದಲ್ಲಿ ಉಳಿಸಿದ್ದು ಕಂಪನಿ ಬಿಟ್ಟುಹೋದ ಇಬ್ಬರು. ಇದನ್ನು ಬರೆಯುವಾಗ ನಮಗೇ ಸ್ವಲ್ಪ ಖುಷಿಯಾಗುತ್ತದೆ, ಮುಚ್ಚಿಡುವುದೇಕೆ.

ಈಗ ಆ ಕಾರಿಗೆ ಏನಾಯಿತು? ಗಾಜಿನ ಪೆಟ್ಟಿಗೆಯಲ್ಲಿಟ್ಟು ಮ್ಯೂಸಿಯಂ ಮಾಡಿದರೆ? ಇಲ್ಲ. ಓಟದ ನಿಯಮ ಬದಲಾಯಿತು. ಟೂರಿಂಗ್ ಕಾರುಗಳ ಎಂಜಿನ್ 5 ಲೀಟರ್ ಮೀರಬಾರದು ಅಂದರು. 6.8 ಲೀಟರಿನ ಕಾರು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ನಿರುದ್ಯೋಗಿ. ರೇಸಿಗೆ ಅಂತ ತಿದ್ದಿದ ಕಾರನ್ನು ಸಂಸಾರಸ್ಥರು ಕೊಳ್ಳುವುದಿಲ್ಲ. ಇಟ್ಟುಕೊಂಡರೆ ಜಾಗ ದಂಡ. ಗಿರಣಿಯವರಿಗೆ ಮುಂದಿನ ಕೆಲಸಕ್ಕೆ ದುಡ್ಡು ಬೇಕು. ಮಾರಿದರು.

ಕೊಂಡವರು ಫ್ರಾನ್ಸಿನ ಮಾತ್ರಾ ಕಂಪನಿ. ಕ್ಷಿಪಣಿಯಿಂದ ಹಿಡಿದು ರೇಸ್ ಕಾರಿನವರೆಗೆ ಮಾಡುತ್ತಿದ್ದವರು. ಅವರಿಗೆ ಕಾರಿನ ಚರಿತ್ರೆ ಬೇಕಿರಲಿಲ್ಲ, ಕಾಲು ಬೇಕಿತ್ತು. ವಿಮಾನ ನೆಲಕ್ಕಿಳಿಯುವಾಗ ಚಕ್ರ, ಟೈರು ತಡೆಯುತ್ತವೆಯೇ ಅಂತ ಪರೀಕ್ಷಿಸಬೇಕು. ಪ್ರತಿ ಸಲ ವಿಮಾನ ಇಳಿಸಿ ನೋಡಲಾಗುವುದಿಲ್ಲ. ರನ್‌ವೇ ಮೇಲೆ 1,000 ಮೀಟರಿನೊಳಗೆ 200 ಕಿ.ಮೀ. ವೇಗ ಮುಟ್ಟಿ, ಜೊತೆಗೆ ಭಾರದ ಸಾಮಾನನ್ನೂ ಹೊರಬಲ್ಲ ಗಾಡಿ ಬೇಕು. ಅಂಥ ಗಾಡಿ ಆಗ ಎಲ್ಲಿತ್ತು? ಕೆಂಪು ಹಂದಿಯನ್ನು ಕತ್ತರಿಸಿ, ನಡುವೆ ಬೆಸೆದು, ಉದ್ದ ಮಾಡಿದರು. ಒಳಗೆ ವಿಮಾನದ ಚಕ್ರ ಕೂರಿಸಿ ನೆಲಕ್ಕೆ ಒತ್ತಿ ಓಡಿಸಿದರು. ಓಟದ ಕುದುರೆಯನ್ನು ಗಾಣಕ್ಕೆ ಕಟ್ಟಿದ್ದು ಅಂತ ಮರುಗುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಕೆಲಸಕ್ಕೆ ಬಂತಲ್ಲ, ಧೂಳು ತಿನ್ನುತ್ತ ನಿಲ್ಲಲಿಲ್ಲವಲ್ಲ. ಆದರೆ ಮೂಲ ಕಾರು ಅಲ್ಲಿಂದ ಮತ್ತೆ ಹೊರಗೆ ಬರಲಿಲ್ಲ ಅನ್ನುವುದಂತೂ ನಿಜ.

ಸ್ಪಾ ಆದ ಮೇಲೆ ಗಿರಣಿಯ ಬಾಗಿಲಿಗೆ ಹಣವಂತರು ಬಂದರು. “ನನ್ನ ಬೆಂಜ್‌ಗೂ ಹಾಗೇ ಮಾಡಿಕೊಡಿ.” ಒಬ್ಬನಿಗೆ ಚಕ್ರ ಮಾತ್ರ ಸಾಕು. ಇನ್ನೊಬ್ಬನಿಗೆ ಬಂಪರು. ಮತ್ತೊಬ್ಬನಿಗೆ ಎಂಜಿನ್ನೇ ಬೇರೆ. ಗಿರಣಿ ಸಾಲದಾಯಿತು. 1976ರಲ್ಲಿ ಸುಮಾರು 40 ಕೆಲಸಗಾರರೊಂದಿಗೆ ಹತ್ತಿರದ ಆಫಾಲ್ಟರ್‌ಬಾಖ್‌ಗೆ ಹೋದರು. ಅದೂ ಹಳ್ಳಿಯೇ. ಕಂಪನಿಯ ಲಾಂಛನದಲ್ಲಿ ಒಂದು ಕಡೆ ವಾಲ್ವು, ಸ್ಪ್ರಿಂಗು, ಕ್ಯಾಮ್ ಇದ್ದರೆ ಇನ್ನೊಂದು ಕಡೆ ಒಂದು ಸೇಬಿನ ಮರ ಇದೆ. ಆಫಾಲ್ಟರ್ ಅಂದರೆ ಅಲ್ಲಿನ ಹಳೇ ಮಾತಿನಲ್ಲಿ ಸೇಬಿನ ಮರ, ಬಾಖ್ ಅಂದರೆ ಹಳ್ಳ. ನಮ್ಮ ಮಾವಿನಹಳ್ಳ, ಅತ್ತಿಹಳ್ಳಗಳ ಹಾಗೆ. ಮೆಲ್ಶರ್ ಮಾತ್ರ ಬುರ್ಗ್‌ಶ್ಟಾಲ್ ಬಿಡಲಿಲ್ಲ. ಪಾಲುದಾರಿಕೆಯಿಂದ ಹೊರಬಂದರು, ಎಂಜಿನ್ ಕೆಲಸದ ನಂಟು ಇಟ್ಟುಕೊಂಡರು. 1984ರಲ್ಲಿ ಬೆಂಜಿನ ಎಂಟು ಸಿಲಿಂಡರ್ ಎಂಜಿನ್ನಿಗೆ ಒಂದೊಂದು ಸಿಲಿಂಡರಿಗೆ ನಾಲ್ಕು ವಾಲ್ವಿನ ಹೊಸ ತಲೆ ಮಾಡಿಕೊಟ್ಟವರು ಅವರೇ.

ಆ ತಲೆ ಹೊತ್ತ ಎಂಜಿನ್ನಿನಿಂದ 1986ರಲ್ಲಿ ಬಂದ ಕಾರಿಗೆ ಅಮೆರಿಕದವರು ‘ಹ್ಯಾಮರ್’ ಅಂತ ಹೆಸರಿಟ್ಟರು. ಸುತ್ತಿಗೆ. ಮೂಲ ಕಾರು 300 ಇ, ಆರು ಸಿಲಿಂಡರಿನ ಸುಮಾರು 190 ಎಚ್‌ಪಿಯ ಗಂಭೀರ ಸೆಡಾನ್. ಡಾಕ್ಟರು, ವಕೀಲರು ಕೊಳ್ಳುವಂಥದ್ದು. ಅದರಲ್ಲಿ 5.6 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಕೂರಿಸಿ 360 ಎಚ್‌ಪಿ ತೆಗೆದರು. ಆ ಶಕ್ತಿಗೆ ಮೂಲ ಡಿಫರೆನ್ಷಿಯಲ್ ನಿಲ್ಲುವುದಿಲ್ಲವೆಂದು ದೊಡ್ಡ ಬೆಂಜಿನದು ತಂದು ಹಾಕಿದರು. ಗಂಟೆಗೆ 303 ಕಿ.ಮೀ. ನಾಲ್ಕು ಜನ ಆರಾಮಾಗಿ ಕೂತು, ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೋಗಬಹುದಾದ ಕಾರು ಆ ಕಾಲದ ಎಷ್ಟೋ ಎರಡು ಸೀಟಿನ ರೇಸ್ ಶೋಕಿಯ ಕಾರುಗಳನ್ನು ಹಿಂದೆ ಹಾಕಿತು.

ಇಂಥ ಕಾರುಗಳು ಇವತ್ತು ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬಂದಾಗ ದೊಡ್ಡ ಜಗಳ ಒಂದೇ: ಇದು ನಿಜವಾದ ಎಎಂಜಿಯೋ ಅಲ್ಲವೋ? ಆಗಲೇ ಹೇಳಿದೆವಲ್ಲ, ಒಬ್ಬ ಗಿರಾಕಿ ಚಕ್ರ ಮಾತ್ರ ಹಾಕಿಸಿದ್ದ, ಇನ್ನೊಬ್ಬ ಎಂಜಿನ್ ಬದಲಿಸಿದ್ದ. ಇಬ್ಬರ ಕಾರಿನ ಹಿಂದೆಯೂ ಅದೇ ಮೂರಕ್ಷರ. ಬಿಡಿಭಾಗಗಳು ಅಂಗಡಿಯಲ್ಲೂ ಸಿಗುತ್ತಿದ್ದುದರಿಂದ ಯಾರು ಬೇಕಾದರೂ ತಂದು ಜೋಡಿಸಿಕೊಳ್ಳಬಹುದಿತ್ತು. ಹಾಗಾಗಿ ತಿಳಿದವರು ಮೊದಲು ಬಣ್ಣ ನೋಡುವುದಿಲ್ಲ, ಕಾಗದ ಕೇಳುತ್ತಾರೆ. ಯಾವ ಕೆಲಸ ಎಲ್ಲಿ ಆಯಿತು, ಬಿಲ್ಲು ಇದೆಯೇ, ಎಂಜಿನ್ ನಂಬರು ಹೊಂದುತ್ತದೆಯೇ. ಒಂದೇ ಬಗೆಯ ಎರಡು ಕಾರು ಪಕ್ಕದಲ್ಲಿ ನಿಂತರೂ ಕಾಗದವಿದ್ದದ್ದು ಒಂದು ಬೆಲೆ, ಇಲ್ಲದ್ದು ಇನ್ನೊಂದು.

ಜರ್ಮನಿಯಲ್ಲಿ ಆ ಕಾಗದಕ್ಕೆ ಕಾನೂನಿನ ಬಲವೂ ಇದೆ. ಅಲ್ಲಿ ಕಾರು ತಿದ್ದುವುದು ತಪ್ಪಲ್ಲ, ತಿದ್ದಿ ಮುಚ್ಚಿಡುವುದು ತಪ್ಪು. ಬ್ರೇಕು, ಚಕ್ರ, ಎಂಜಿನ್‌ನಂಥ ಮುಖ್ಯ ಭಾಗ ಬದಲಿಸಿದರೆ ಟ್ಯೂಫ್‌ನಂಥ ತಪಾಸಣೆ ಸಂಸ್ಥೆಗಳಿಗೆ ತೋರಿಸಿ, ಸರಿ ಅನ್ನಿಸಿಕೊಂಡು, ವಾಹನದ ದಾಖಲೆಗೆ ಸೇರಿಸಬೇಕು. ಕೊಳ್ಳುವವನಿಗೆ ಎಲ್ಲ ತೆರೆದ ಪುಸ್ತಕ.

ನಮ್ಮಲ್ಲಿ ದಾರಿ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಆರ್‌ಸಿಯ ವಿವರ ಹೊಂದದ ಹಾಗೆ ವಾಹನವನ್ನು ಮಾಲೀಕ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಗ್ಯಾಸ್ ಕಿಟ್ ಹಾಕಿಸುವುದು, ಅಂಗವಿಕಲರಿಗೆ ಅನುಕೂಲವಾಗುವಂತೆ ಬದಲಿಸುವುದು, ಇಂಥ ಕೆಲವಕ್ಕೆ ನಿಯಮದ ಪ್ರಕಾರ ಅವಕಾಶವಿದೆ. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಿದೆ.

ಮೊಬೈಲಿನಲ್ಲಿ ‘ಫುಲ್ ಮಾಡಿಫೈಡ್, ಶೋಕಿ ಇರೋರು ಮಾತ್ರ ಕಾಲ್ ಮಾಡಿ’ ಅನ್ನುವ ಜಾಹೀರಾತು ನೋಡಿ ಹಳೇ ಸೆಡಾನ್ ತರಲು ಹೊರಡುವವರು ಇದನ್ನು ತಿಳಿದಿರಬೇಕು. ಫಾರಂ 29, 30ಕ್ಕೆ ಸಹಿ ಬಿದ್ದು ಆರ್‌ಸಿ ನಿಮ್ಮ ಹೆಸರಿಗಾದ ಮೇಲೆ, ಹಿಂದಿನವನು ಮಾಡಿಸಿದ ಆಲ್ಟ್ರೇಷನ್ನಿಗೆ ರಸ್ತೆಯಲ್ಲಿ ಉತ್ತರ ಹೇಳುವವರು ನೀವು. ಅಪಘಾತವಾದರೆ ವಿಮೆಯವರು ತಿಳಿಸದೆ ಮಾಡಿಸಿದ ಬದಲಾವಣೆಯ ಮೇಲೆ ತಕರಾರು ತೆಗೆಯಬಹುದು. ಮಾರಿದವನಿಗೆ ಫೋನ್ ಮಾಡಿದರೆ ರಿಂಗಾಗುತ್ತದೆ, ಅಷ್ಟೆ.

ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ಫೋಟೊ ನಾವೂ ಜಿಲ್ಲೆಯಿಂದ ಕಳಿಸಿದ್ದೇವೆ. ಅದರಲ್ಲಿ ನಮಗೆ ಬೇಸರವೇನಿಲ್ಲ. ಪರೀಕ್ಷೆ ಹೊತ್ತಿನಲ್ಲಿ ಶಾಲೆ ಮುಂದೆ ಪಟಾಕಿ ಸದ್ದು ಮಾಡಿಕೊಂಡು ಹೋಗುವುದು ವಿದ್ಯೆಯಲ್ಲ. ಬೇಸರ ಇರುವುದು ಬೇರೆ ಕಡೆ. ಸದ್ದು ಮಾಡುವ ಹುಡುಗನಿಗೂ, ನಿಜವಾಗಿ ಎಂಜಿನ್ ಬಲ್ಲ ಮೇಸ್ತ್ರಿಗೂ ನಮ್ಮ ಕಾಗದದಲ್ಲಿ ವ್ಯತ್ಯಾಸವಿಲ್ಲ. ಅವನ ಕೆಲಸವನ್ನು ಪರೀಕ್ಷಿಸಿ, ಸುರಕ್ಷಿತ ಅಂತ ಬರೆದು, ಅವನ ಅಂಗಡಿಯ ಹೆಸರು ದಾಖಲಿಸುವ ಒಂದು ಸುಲಭದ ಕಿಟಕಿ ಆರ್‌ಟಿಒ ಕಚೇರಿಯಲ್ಲಿ ಇಲ್ಲ. ಔಫ್ರೆಕ್ಟ್, ಮೆಲ್ಶರ್ ನಮ್ಮ ತಾಲೂಕಿನಲ್ಲಿ ಹುಟ್ಟಿದ್ದರೆ ಶೆಡ್ಡಿನ ಮುಂದೆ ‘ಎಲ್ಲಾ ತರಹದ ಗಾಡಿ ರಿಪೇರಿ ಮಾಡಲಾಗುವುದು’ ಅಂತ ಬೋರ್ಡು ಬರೆಸಿಕೊಂಡು ಕೂರುತ್ತಿದ್ದರೇನೋ. ನಮ್ಮ ರಸ್ತೆಗಳ ಸಾವಿನ ಲೆಕ್ಕ ನೋಡಿದರೆ ಕೋರ್ಟಿನ ಬಿಗಿಯೂ ಅರ್ಥವಾಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಕಾದ ವಿಷಯ ಇದು.

ಅತ್ತ ಜರ್ಮನಿಯಲ್ಲಿ, ಬಿಟ್ಟುಹೋದವರ ಹತ್ತಿರ ಕಂಪನಿಯೇ ಬಂತು. 1990ರಲ್ಲಿ ಡೈಮ್ಲರ್-ಬೆಂಜ್ ಮತ್ತು ಎಎಂಜಿ ನಡುವೆ ಸಹಕಾರ ಒಪ್ಪಂದವಾಯಿತು. ಹಳ್ಳಿಯಲ್ಲಿ ತಿದ್ದಿದ ಕಾರು ಬೆಂಜ್ ಶೋರೂಮಿನಲ್ಲೇ ವಾರಂಟಿ ಸಮೇತ ಸಿಗತೊಡಗಿತು. 1993ರಲ್ಲಿ ಇಬ್ಬರೂ ಸೇರಿ ರೂಪಿಸಿದ ಮೊದಲ ಕಾರು ಸಿ 36 ಬಂತು. 1999ರಲ್ಲಿ ಕಂಪನಿ ಶೇ 51 ಪಾಲು ಕೊಂಡಿತು, 2005ರ ಜನವರಿ 1ರಿಂದ ಪೂರ್ತಿ ಅದರದೇ. ಔಫ್ರೆಕ್ಟ್ ರೇಸಿಂಗ್ ವಿಭಾಗವನ್ನು ಮಾತ್ರ ಬೇರೆ ಮಾಡಿಕೊಂಡು ಎಚ್‌ಡಬ್ಲ್ಯುಎ ಅಂತ ಹೊಸ ಕಂಪನಿ ಕಟ್ಟಿದರು. ಅದು ಅವರದೇ ಹೆಸರಿನ ಮೂರಕ್ಷರ, ಈ ಸಲ ಊರಿನ ಅಕ್ಷರ ಇಲ್ಲ.

ಕಾರು ತಿದ್ದುವ ಅಂಗಡಿ ಹೀಗೆ ಕಾರು ಮಾಡುವ ಕಂಪನಿಯ ಅಂಗವಾಯಿತು. ಹಾಗಾಗಿ ಇವತ್ತಿನ ಎಎಂಜಿ ಆಲ್ಟ್ರೇಷನ್ ಗಾಡಿಯಲ್ಲ, ಕಾರ್ಖಾನೆಯಿಂದಲೇ ಹಾಗೆ ಬರುವ ಗಾಡಿ. 2020ರಲ್ಲಿ ಪುಣೆ ಹತ್ತಿರದ ಚಾಕಣದಲ್ಲಿ ಮೊದಲ ಸಲ ನಮ್ಮ ದೇಶದಲ್ಲೇ ಒಂದು ಎಎಂಜಿಯ ಜೋಡಣೆ ಆಯಿತು, ಜಿಎಲ್‌ಸಿ 43 ಕೂಪೆ. ಅದರ ಆರ್‌ಸಿಗೆ 52ನೇ ಸೆಕ್ಷನ್ನಿನ ಭಯವಿಲ್ಲ. ಆಫಾಲ್ಟರ್‌ಬಾಖ್‌ನಲ್ಲಿ ಒಂದು ಪದ್ಧತಿ ಮಾತ್ರ ಹಳೇ ಅಂಗಡಿಯ ವಾಸನೆ ಉಳಿಸಿಕೊಂಡಿದೆ. ಅಲ್ಲಿ ಕೈಯಲ್ಲಿ ಕಟ್ಟುವ ಎಂಜಿನ್ನನ್ನು ಮೊದಲಿಂದ ಕೊನೆಯವರೆಗೆ ಒಬ್ಬನೇ ಕೆಲಸಗಾರ ಜೋಡಿಸುತ್ತಾನೆ, ಮುಗಿದ ಮೇಲೆ ತನ್ನ ಸಹಿಯ ಫಲಕ ಅದರ ಮೇಲೆ ಕೂರಿಸುತ್ತಾನೆ. ಬಾನೆಟ್ ಎತ್ತಿದರೆ ಮೊದಲು ಕಾಣುವುದು ಆ ಕೆಲಸಗಾರನ ಹೆಸರು.

ಗ್ರೋಸ್‌ಆಸ್ಪಾಖ್ ಏನಾಯಿತು ಅಂತ ಕೇಳಬಹುದು. 1972ರಲ್ಲಿ, ಅಂದರೆ ಕೆಂಪು ಕಾರು ಸ್ಪಾದಲ್ಲಿ ಓಡಿದ ಮರುವರ್ಷ, ಸುತ್ತಲಿನ ಊರುಗಳನ್ನು ಸೇರಿಸಿ ಆಸ್ಪಾಖ್ ಅನ್ನುವ ಒಂದು ಪಂಚಾಯಿತಿ ಮಾಡಿದರು. ಗ್ರೋಸ್‌ಆಸ್ಪಾಖ್ ಈಗ ಅದರೊಳಗಿನ ಒಂದು ಭಾಗ. ಆಡಳಿತದ ಪಟ್ಟಿಯಿಂದ ಹೋದ ಊರಿನ ಅಕ್ಷರ ಕಾರುಗಳ ಬೆನ್ನ ಮೇಲೆ ಲೋಕ ಸುತ್ತುತ್ತಿದೆ, ನಮ್ಮ ಆಲ್ಟೊಗಳ ಸ್ಟಿಕ್ಕರಿನಲ್ಲೂ.

ಇನ್ನು ಆ ಕಾರು. 2006ರಲ್ಲಿ ಆಫಾಲ್ಟರ್‌ಬಾಖ್‌ನವರು ಹಳೇ 300 ಎಸ್‌ಇಎಲ್ ಕಾರೊಂದನ್ನು ಹಿಡಿದು, ಫೋಟೊ ನೋಡಿಕೊಂಡು, ಅದೇ ಕೆಂಪು ಬಣ್ಣ, ಅದೇ ಉಬ್ಬಿದ ತಗಡು, ಅದೇ 6.8 ಲೀಟರ್ ಎಂಜಿನ್ ಕೂರಿಸಿ ಕೆಂಪು ಹಂದಿಯನ್ನು ಮತ್ತೆ ಕಟ್ಟಿದರು. ಮೇಳಗಳಲ್ಲಿ, ಫೋಟೊಗಳಲ್ಲಿ ಇವತ್ತು ನಾವು ಕಾಣುವುದು ಅದನ್ನು. ಮೂಲದ್ದರ ಕೊನೆಯ ಕೆಲಸ ಫ್ರಾನ್ಸಿನ ರನ್‌ವೇ ಮೇಲೆ, ಹೊಟ್ಟೆಯೊಳಗೆ ವಿಮಾನದ ಚಕ್ರ ಇಟ್ಟುಕೊಂಡು.